ಮೆಟ್ಟಿಲು, ಹೊಸ್ತಿಲು, ಅಡುಗೆಕಟ್ಟೆ: ಕಾಣುವ ಕಲ್ಲಂಚಿಗೆ ಪಾಲಿಶ್ ಕೊಡುವ ಕ್ರಮ

ಗ್ರಾನೈಟ್ ಸ್ಲ್ಯಾಬಿನ ಮೇಲ್ಮೈ ಫ್ಯಾಕ್ಟರಿಯಲ್ಲೇ ಪಾಲಿಶ್ ಆಗಿ ಬರುತ್ತದೆ. ಅಂಚು ಬರುವುದಿಲ್ಲ. ಕತ್ತರಿಸಿದ ಕಡೆ ಬ್ಲೇಡಿನ ಗೆರೆ ಹಾಗೇ ಉಳಿದು, ಕಪ್ಪು ಕಲ್ಲು ಕೂಡ ಬೂದಿ ಬಳಿದಂತೆ ಕಾಣುತ್ತದೆ. ಗೋಡೆಯೊಳಗೆ ಸೇರುವ ಅಥವಾ ಪಕ್ಕದ ಕಲ್ಲಿಗೆ ತಾಗುವ ಅಂಚಾದರೆ ಅದರ ಗೊಡವೆ ಬೇಡ. ಮೆಟ್ಟಿಲಿನ ಮುಂಭಾಗ, ಹೊಸ್ತಿಲು, ಕಿಟಕಿಯ ಕೆಳಗಿನ ಕಲ್ಲು, ಅಡುಗೆಕಟ್ಟೆ, ಸಿಂಕಿನ ಬಾಯಿ, ಸ್ಕರ್ಟಿಂಗಿನ ಮೇಲಂಚು, ಬಾಲ್ಕನಿಯ ತುದಿ ಇವೆಲ್ಲ ದಿನಾ ಕಣ್ಣಿಗೆ ಬೀಳುವ, ಕೈಕಾಲಿಗೆ ತಾಗುವ ಜಾಗಗಳು. ಇಲ್ಲಿ ಅಂಚಿನ ಕೆಲಸ ಬೇಕೇ ಬೇಕು. ಅದನ್ನು ಕಲ್ಲು ಕೂರಿಸುವ ಮೊದಲೇ ಮುಗಿಸಬೇಕು. ಗಾರೆ ಒಣಗಿದ ಮೇಲೆ ಮೆಟ್ಟಿಲ ಮೇಲೆ ಕುಕ್ಕರಗಾಲಲ್ಲಿ ಕೂತು ಮಾಡಿದ ಪಾಲಿಶ್, ಮೇಜಿನ ಮೇಲೆ ಮಾಡಿದ್ದರ ಸಮಕ್ಕೆ ಬರುವುದಿಲ್ಲ. ಮೆಷಿನ್ ಹಿಡಿಯಲು ಜಾಗ ಸಾಲದು, ಕೆಸರು ನೀರು ಗೋಡೆಗೆ ಹಾರುತ್ತದೆ, ಕಲ್ಲಿನ ಕೆಳ ಏಣಿಗೆ (ಎರಡು ಮುಖ ಸೇರುವ ಚೂಪು ಗೆರೆಗೆ) ಪಾಲಿಶ್ ಪ್ಯಾಡ್ ತಲುಪುವುದೇ ಇಲ್ಲ.

ಮೊದಲು ಅಳತೆ, ಲೆಕ್ಕ

ಅಂಚಿನ ಕೂಲಿ ರನ್ನಿಂಗ್ ಅಡಿ (ಉದ್ದದ ಅಡಿ) ಲೆಕ್ಕದಲ್ಲಿ. ಕಲ್ಲಿನ ಚದರಡಿ ದರ ಮಾತಾಡಿ ಬಂದವರು ಇದನ್ನು ಮರೆತಿದ್ದರೆ ಬಿಲ್ ಬಂದಾಗ ಜಗಳ ಗ್ಯಾರಂಟಿ. ಒಂದು ಉದಾಹರಣೆ ನೋಡಿ. 18 ಮೆಟ್ಟಿಲು, ಅಗಲ ಮೂರೂವರೆ ಅಡಿ. ಮುಂದಿನ ಅಂಚೇ 63 ಅಡಿಯಾಯಿತು. ಒಂದು ಪಕ್ಕ ಗೋಡೆಯಿಲ್ಲದೆ ತೆರೆದಿದ್ದು, ಮೆಟ್ಟಿಲ ಕಲ್ಲು 11 ಇಂಚು ಆಳವಿದ್ದರೆ ಆ ಕಡೆ ಇನ್ನೂ ಹದಿನಾರೂವರೆ ಅಡಿ. ಒಟ್ಟು ಎಪ್ಪತ್ತೊಂಬತ್ತೂವರೆ. ಸಿಂಕಿನ ತೂತನ್ನೂ ಬಿಡಬೇಡಿ. ಕಲ್ಲಿನ ಕೆಳಗಿಂದ ಕೂರುವ ಸಿಂಕಾದರೆ ಕೊರೆದ ಬಾಯಿಯ ಅಂಚು ಪೂರ್ತಿ ಕಾಣುತ್ತದೆ. 22 ಇಂಚಿಗೆ 18 ಇಂಚಿನ ಬಾಯಿ ಎಂದರೆ ಸುತ್ತಳತೆ 80 ಇಂಚು, ಅಂದರೆ 6 ಅಡಿ 8 ಇಂಚು. ಸಿಂಕ್ ಮೇಲಿಂದ ಕೂರುವುದಾದರೆ ಆ ಬಾಯಿಗೆ ಪಾಲಿಶ್ ದುಡ್ಡು ಕೊಡಬೇಡಿ.

ಬೆಂಗಳೂರು ಹತ್ತಿರದ ಜಿಗಣಿಯಲ್ಲೋ ನಿಮ್ಮೂರಿನ ಗ್ರಾನೈಟ್ ಅಂಗಡಿಯಲ್ಲೋ ಸ್ಲ್ಯಾಬ್ ಆರಿಸುವಾಗ ಟೇಪು ಜೊತೆಗಿರಲಿ. 18 ಮಿ.ಮೀ. ಎಂದು ಮಾರುವ ಸ್ಲ್ಯಾಬಿನ ದಪ್ಪ ಎಷ್ಟೋ ಸಲ 16 ಇರುತ್ತದೆ. ಒಂದೇ ಸ್ಲ್ಯಾಬಿನ ಎರಡು ತುದಿಯಲ್ಲೇ ವ್ಯತ್ಯಾಸ ಇರುವುದುಂಟು. ನೆಲದಲ್ಲಿ ಅದು ಗಾರೆಯೊಳಗೆ ಮುಚ್ಚಿಹೋಗುತ್ತದೆ. ಮೆಟ್ಟಿಲಿನ ಅಂಚಿನಲ್ಲಿ ಒಂದು ಮೆಟ್ಟಿಲು ದಪ್ಪ, ಮುಂದಿನದು ತೆಳು ಎಂದು ಎದ್ದು ಕಾಣುತ್ತದೆ. ಆದ್ದರಿಂದ ಮೆಟ್ಟಿಲಿಗೆ ಬೇಕಾದ ತುಂಡುಗಳನ್ನೆಲ್ಲ ಒಂದೇ ದಪ್ಪದ ಸ್ಲ್ಯಾಬುಗಳಿಂದ ತೆಗೆಸಿ.

ಕಪ್ಪು ಕಲ್ಲು ಕೊಳ್ಳುವಾಗ ಇನ್ನೊಂದು ಪರೀಕ್ಷೆ: ಬಿಳಿ ಬಟ್ಟೆಗೆ ಸ್ವಲ್ಪ ಅಸಿಟೋನ್ ಹಾಕಿ ಮೇಲ್ಮೈಯನ್ನು ಜೋರಾಗಿ ಉಜ್ಜಿ. ಬಟ್ಟೆ ಕಪ್ಪಾದರೆ ಕಲ್ಲಿಗೆ ಬಣ್ಣ ಹಾಕಿದ್ದಾರೆ. ಅಂಥ ಕಲ್ಲಿನ ಅಂಚನ್ನು ಎಷ್ಟು ತಿಕ್ಕಿದರೂ ಮೇಲ್ಮೈಯ ಕಪ್ಪಿಗೆ ಸೇರುವುದಿಲ್ಲ, ಏಕೆಂದರೆ ಒಳಗಿನ ಕಲ್ಲಿನ ನಿಜವಾದ ಬಣ್ಣವೇ ಬೂದು. ಚಾಮರಾಜನಗರದ ಒಳ್ಳೆಯ ಕಪ್ಪು ಕಲ್ಲಿಗೆ ಈ ತೊಂದರೆಯಿಲ್ಲ. ಅದು ಭೂವಿಜ್ಞಾನಿಗಳ ಲೆಕ್ಕದಲ್ಲಿ ಗ್ರಾನೈಟೇ ಅಲ್ಲ, ಡಾಲರೈಟ್ ಜಾತಿಯದು. ಹರಳು ಸಣ್ಣದಾದ್ದರಿಂದ ಅಂಚು ಕನ್ನಡಿಯಂತೆ ಬರುತ್ತದೆ. ಬಂದಷ್ಟೇ ಸುಲಭವಾಗಿ ಗೀರನ್ನೂ ತೋರಿಸುತ್ತದೆ ಅನ್ನಿ.

ಯಾವ ಆಕಾರ?

ಅಂಗಡಿಯವರು ತೋರಿಸುವ ಮೋಲ್ಡಿಂಗ್ ಮಾದರಿಗಳಲ್ಲಿ ಅರ್ಧಕ್ಕರ್ಧ ಮನೆಗೆ ಬೇಡವಾದವು. ಏರಿಳಿತ ಜಾಸ್ತಿ ಇರುವ ಅಂಚಿನ ತಗ್ಗಿನಲ್ಲಿ ಜಿಡ್ಡು ಕೂರುತ್ತದೆ, ಕೂಲಿಯೂ ಜಾಸ್ತಿ. ನೇರ ಅಂಚಿಗೆ ಪಾಲಿಶ್ ಕೊಟ್ಟು, ಮೇಲಿನ ಏಣನ್ನು 2ರಿಂದ 3 ಮಿ.ಮೀ. ಓರೆಯಾಗಿ ತೆಗೆಯುವುದು (ಕೆಲಸದವರ ಬಾಯಲ್ಲಿ ಚಾಂಪರ್) ಎಲ್ಲ ಕಡೆಗೂ ಒಪ್ಪುತ್ತದೆ. ಬರಿಯ ಚೂಪು ಏಣು ಬಿಟ್ಟರೆ ಪಾತ್ರೆ ತಾಗಿದ ಕೂಡಲೇ ಚಕ್ಕೆ ಏಳುತ್ತದೆ.

ಮೆಟ್ಟಿಲಿಗೆ ಹಾಫ್ ರೌಂಡ್ (ಮೇಲಿನ ಏಣು ಮಾತ್ರ ಗುಂಡಗೆ) ಚೆನ್ನ. ಮಕ್ಕಳು ಬಿದ್ದಾಗ ಪೆಟ್ಟು ಕಡಿಮೆ. ಅಡುಗೆಕಟ್ಟೆಗೆ ಫುಲ್ ರೌಂಡ್ (ಮೇಲೆ, ಕೆಳಗೆ ಎರಡೂ ಗುಂಡಗೆ) ಮಾತ್ರ ಬೇಡ. ಚೆಲ್ಲಿದ ನೀರು ಗುಂಡನೆಯ ಅಂಚನ್ನು ಬಳಸಿಕೊಂಡು ಕೆಳಗೆ ಇಳಿದು ಕ್ಯಾಬಿನೆಟ್ ಬಾಗಿಲಿಗೆ ಹರಿಯುತ್ತದೆ, ಪ್ಲೈವುಡ್ ಉಬ್ಬುತ್ತದೆ. ಮೇಲೆ ಮಾತ್ರ ಗುಂಡಗೆ ಮಾಡಿ ಕೆಳ ಏಣನ್ನು ನೇರವಾಗಿ ಬಿಟ್ಟರೆ ನೀರು ಅಲ್ಲೇ ತೊಟ್ಟಿಕ್ಕುತ್ತದೆ.

ಸಾಮಾನು

ವೇಗ ಬದಲಿಸಬಹುದಾದ ವೆಟ್ ಪಾಲಿಶರ್ (ನೀರು ಹರಿಸುತ್ತಾ ತಿಕ್ಕುವ ಮೆಷಿನ್), 4 ಇಂಚಿನ ವೆಲ್ಕ್ರೊ ಡೈಮಂಡ್ ಪ್ಯಾಡುಗಳು 50, 100, 200, 400, 800, 1500, 3000 ನಂಬರಿನವು (ನಂಬರ್ ಹೆಚ್ಚಿದಷ್ಟೂ ಪ್ಯಾಡ್ ನಯ), ಕೊನೆಯ ಹೊಳಪಿಗೆ ಬಫ್ ಪ್ಯಾಡ್. ಕತ್ತರಿಸಲು ಮಾರ್ಬಲ್ ಕಟರ್, ಅದಕ್ಕೆ ಹಲ್ಲಿಲ್ಲದ ಅಂಚಿನ ಡೈಮಂಡ್ ಬ್ಲೇಡ್. ಹಲ್ಲಿರುವ ಬ್ಲೇಡ್ ಬೇಗ ಕತ್ತರಿಸುತ್ತದೆ, ಚಕ್ಕೆಯನ್ನೂ ಬೇಗ ಏಳಿಸುತ್ತದೆ. ಜೊತೆಗೆ ಕ್ಲಾಂಪು, ನೇರವಾದ ಅಲ್ಯೂಮಿನಿಯಂ ಪಟ್ಟಿ, ಮಾಸ್ಕಿಂಗ್ ಟೇಪು, ಮೇಣದ ಬಳಪ, ಒಣ ಬಟ್ಟೆ.

ಸಾಮಾನ್ಯ 4 ಇಂಚಿನ ಗ್ರೈಂಡರಿಗೆ ಈ ಪ್ಯಾಡ್ ಹಾಕಬೇಡಿ. ಅದು ನಿಮಿಷಕ್ಕೆ 11,000 ಸುತ್ತಿನ ಆಸುಪಾಸಿನಲ್ಲಿ ತಿರುಗುತ್ತದೆ. ಪ್ಯಾಡಿನ ಹಿಂದೆ ಮುದ್ರಿಸಿರುವ ಮಿತಿ ಸಾಮಾನ್ಯವಾಗಿ 4,000-4,500. ಪ್ಯಾಡಿನ ರಾಳ ಕರಗಿ ಕಲ್ಲಿಗೆ ಮೆತ್ತಿಕೊಳ್ಳುತ್ತದೆ, ಇಲ್ಲವೇ ಪ್ಯಾಡೇ ಕಿತ್ತು ಹಾರುತ್ತದೆ.

ನೀರು ಹಾಕಿಯೇ ಕೆಲಸ ಮಾಡಿ. ನಿಜವಾದ ಗ್ರಾನೈಟಿನಲ್ಲಿ ಕ್ವಾರ್ಟ್ಸ್ (ಸಿಲಿಕಾದ ಹರಳು) ಐದನೇ ಒಂದು ಭಾಗಕ್ಕಿಂತ ಹೆಚ್ಚೇ ಇರುತ್ತದೆ. ಒಣಗಿದ್ದಾಗ ಕತ್ತರಿಸಿದರೆ ಏಳುವ ಸಣ್ಣ ಧೂಳು ಶ್ವಾಸಕೋಶದಲ್ಲಿ ಕೂತು ಸಿಲಿಕೋಸಿಸ್ ತರುತ್ತದೆ, ಅದಕ್ಕೆ ವಾಸಿಯಿಲ್ಲ. ಮೂಗಿಗೆ ಕಟ್ಟಿದ ಟವೆಲು ಈ ಧೂಳನ್ನು ತಡೆಯುವುದಿಲ್ಲ, ಎನ್95 ಮಾಸ್ಕ್ ಬೇಕು. ನೀರು, ಕರೆಂಟು ಎರಡೂ ಒಟ್ಟಿಗಿರುವುದರಿಂದ 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನಾಗಿ ಲೈನ್ ಕಡಿಯುವ ಸ್ವಿಚ್ಚು) ಇರುವ ಲೈನಿನಿಂದಲೇ ಪ್ಲಗ್ ಕೊಡಿ. ವೈರಿನ ಜೋಡಣೆ ನೆಲದ ನೀರಿನಲ್ಲಿ ಬಿದ್ದಿರಬಾರದು.

ಗ್ರಾನೈಟ್ ಅಂಚು: ಹಂತ ಹಂತವಾಗಿ

ಕತ್ತರಿಸುವ ಗೆರೆಯ ಮೇಲೆ ಮಾಸ್ಕಿಂಗ್ ಟೇಪು ಅಂಟಿಸಿ, ಅದರ ಮೇಲೆ ಗುರುತು ಹಾಕಿ. ಮೊದಲ ಸಲ 2-3 ಮಿ.ಮೀ. ಆಳ ಮಾತ್ರ ಗೀರಿ, ಆಮೇಲೆ ಎರಡು ಮೂರು ಸಲದಲ್ಲಿ ಪೂರ್ತಿ ಕತ್ತರಿಸಿ. ಒಂದೇ ಏಟಿಗೆ ಇಳಿಸಿದರೆ ಬ್ಲೇಡ್ ಬಾಗಿ, ಅಂಚು ಕೆಳಗೆ ಒಳಕ್ಕೋ ಹೊರಕ್ಕೋ ಓರೆಯಾಗುತ್ತದೆ. ತಿಕ್ಕುವಾಗ ಹೋಗುವುದಕ್ಕೆಂದು ಅಳತೆಗಿಂತ 1 ಮಿ.ಮೀ. ಹೆಚ್ಚು ಬಿಡಿ.

ತುಂಡನ್ನು ಮೇಜಿನ ಮೇಲೆ ಮಲಗಿಸಿ, ಅಂಚು ಎರಡು ಮೂರು ಇಂಚು ಹೊರಗೆ ಚಾಚುವಂತೆ ಕ್ಲಾಂಪು ಬಿಗಿಯಿರಿ. ಕ್ಲಾಂಪಿಗೂ ಕಲ್ಲಿಗೂ ನಡುವೆ ಮರದ ಚೂರಿರಲಿ. ಎರಡು ತುದಿಗೂ ಅದೇ ದಪ್ಪದ ವೇಸ್ಟ್ ಕಲ್ಲಿನ ತುಂಡನ್ನು ತಾಗಿಸಿ ಇಡಿ. ಈ ಸಣ್ಣ ಉಪಾಯ ಬಿಟ್ಟರೆ ಪ್ಯಾಡ್ ತುದಿಗೆ ಬಂದಾಗ ಜಾರಿ ಮೂಲೆ ಸವೆದು ಗುಂಡಗಾಗುತ್ತದೆ. ಪಕ್ಕದ ಕಲ್ಲಿಗೆ ಜೋಡಿಸಿದಾಗ ಅಲ್ಲೊಂದು ತೂತು ಬಾಯಿ ಬಿಟ್ಟುಕೊಳ್ಳುತ್ತದೆ.

ಈಗ 50 ನಂಬರ್. ಇಡೀ ಕೆಲಸದ ಹಣೆಬರಹ ಇಲ್ಲೇ ತೀರ್ಮಾನವಾಗುತ್ತದೆ. ಅಂಚಿನ ಮೇಲೆ ಮೇಣದ ಬಳಪದಿಂದ ಮೇಲಿಂದ ಕೆಳಕ್ಕೆ ಇಂಚಿಗೊಂದು ಗೆರೆ ಎಳೆಯಿರಿ. ವೇಗ 2,500-3,000. ನೀರು ಸಣ್ಣಗೆ ಹರಿಯುತ್ತಿರಲಿ, ಪ್ಯಾಡ್ ಅಂಚಿಗೆ ಸಪಾಟಾಗಿ ಕೂತಿರಲಿ. ಒಂದು ತುದಿಯಿಂದ ಇನ್ನೊಂದಕ್ಕೆ ನಿಲ್ಲದೆ ಹೋಗಿ ಬನ್ನಿ. ಒಂದೇ ಕಡೆ ಒತ್ತಿ ನಿಂತರೆ ಅಲ್ಲಿ ತಗ್ಗು ಬೀಳುತ್ತದೆ. ಈಗ ಕಾಣದ ಆ ತಗ್ಗು 3000ಕ್ಕೆ ಬಂದಾಗ ಟ್ಯೂಬ್‌ಲೈಟಿನ ಬಿಂಬ ಅಲೆಯಲೆಯಾಗಿ ಕಾಣುವಂತೆ ಮಾಡುತ್ತದೆ. ಬಳಪದ ಗೆರೆ ಎಲ್ಲ ಕಡೆ ಅಳಿದ ಮೇಲೆ ಅಲ್ಯೂಮಿನಿಯಂ ಪಟ್ಟಿ ಇಟ್ಟು ನೋಡಿ. ಪಟ್ಟಿಯ ಅಡಿ ಬೆಳಕು ನುಸುಳಿದರೆ ಇನ್ನೊಮ್ಮೆ. ಬ್ಲೇಡಿನ ಗೆರೆ ಒಂದೂ ಉಳಿಯದೆ ಅಂಚು ಒಂದೇ ಸಮನಾಗಿ ಮಂಕಾಗಿ ಕಾಣಬೇಕು. ಉಳಿದ ನಂಬರುಗಳಿಗೆಲ್ಲ ಸೇರಿ ಹೋಗುವಷ್ಟು ಹೊತ್ತು ಇದೊಂದಕ್ಕೇ ಹೋದರೂ ಸರಿಯೇ.

ಮುಂದೆ 100, 200. ಒಂದೊಂದು ನಂಬರಿನ ಕೆಲಸ ಅದರ ಹಿಂದಿನದು ಮಾಡಿದ ಗೀರನ್ನು ತೆಗೆಯುವುದಷ್ಟೆ. ನಡುವೆ ಒಂದನ್ನು ಹಾರಿಸಿದರೆ ಮುಂದಿನ ಪ್ಯಾಡ್ ಗೀರಿನ ಮೇಲ್ತುದಿಯನ್ನು ಮಿಂಚಿಸಿ ಬುಡವನ್ನು ಹಾಗೇ ಬಿಡುತ್ತದೆ. ಅಂಚು ಹೊಳೆಯುತ್ತದೆ, ಆದರೆ ಓರೆಯಿಂದ ನೋಡಿದರೆ ಒಳಗೆ ಬಿಳಿ ಗೀರು. ಆಗ ಹಿಂದಕ್ಕೆ 100ಕ್ಕೆ ಹೋಗದೆ ಬೇರೆ ದಾರಿಯಿಲ್ಲ.

ಪ್ರತಿ ನಂಬರಿನ ನಂತರ ಅಂಚನ್ನು ತೊಳೆದು, ಒರೆಸಿ, ಒಣಗಲು ಬಿಟ್ಟು ನೋಡಬೇಕು. ಒದ್ದೆ ಕಲ್ಲು ಯಾವಾಗಲೂ ಪಾಲಿಶ್ ಆದಂತೆಯೇ ಕಾಣುತ್ತದೆ. ಮೊಬೈಲಿನ ಟಾರ್ಚನ್ನು ಅಂಚಿಗೆ ಅಡ್ಡವಾಗಿ ಹಿಡಿದರೆ ಉಳಿದ ಗೀರು ತಾನಾಗಿ ತೋರುತ್ತದೆ. ತೊಳೆಯುವುದಕ್ಕೆ ಇನ್ನೊಂದು ಕಾರಣವೂ ಇದೆ: 100ರ ಒಂದು ಕಣ 800ರ ಪ್ಯಾಡಿನ ಕೆಳಗೆ ಸಿಕ್ಕಿಕೊಂಡರೆ ಉದ್ದಕ್ಕೂ ಗೀರೆಳೆಯುತ್ತದೆ. ಮೇಜು, ಕೈ, ಪ್ಯಾಡಿನ ಹಿಂಭಾಗ ಎಲ್ಲವನ್ನೂ ತೊಳೆಯಿರಿ.

ಚಾಂಪರ್ ತೆಗೆಯಲು ಸರಿಯಾದ ಹೊತ್ತು 200 ನಂಬರ್. ಅದಕ್ಕೂ ಮೊದಲೇ ತೆಗೆದರೆ 50, 100 ಅದನ್ನು ಅಲ್ಲಲ್ಲಿ ತಿಂದು ಅಗಲ ಹೆಚ್ಚು ಕಡಿಮೆ ಮಾಡುತ್ತವೆ. ಮೇಲ್ಮೈಯ ಮೇಲೆ ಅಂಚಿನಿಂದ 2 ಮಿ.ಮೀ. ಬಿಟ್ಟು ಮಾಸ್ಕಿಂಗ್ ಟೇಪು ಅಂಟಿಸಿ, ಪ್ಯಾಡನ್ನು 45 ಡಿಗ್ರಿ ಹಿಡಿದು ಟೇಪಿನ ಗೆರೆಯವರೆಗೆ ಮಾತ್ರ ತೆಗೆಯಿರಿ. ಕೆಳ ಏಣಿಗೂ ಒಂದು ಮಿ.ಮೀ. ತೆಗೆದರೆ ಒರೆಸುವಾಗ ಕೈ ಕೊಯ್ಯುವುದಿಲ್ಲ. ಇಲ್ಲಿಂದ ಮುಂದೆ ಪ್ರತಿ ನಂಬರನ್ನೂ ಚಾಂಪರಿಗೂ ಕೊಡಬೇಕು. ಎಷ್ಟೋ ಮನೆಗಳಲ್ಲಿ ಅಂಚು ಫಳಫಳ ಹೊಳೆಯುತ್ತಾ ಚಾಂಪರ್ ಮಾತ್ರ ಬಿಳಿ ದಾರದಂತೆ ಎದ್ದು ಕಾಣುವುದು ಇದನ್ನು ಬಿಟ್ಟಿದ್ದರಿಂದಲೇ.

400ರಲ್ಲಿ ಮಂದ ಹೊಳಪು ಶುರು. 800ರಿಂದ ವೇಗವನ್ನು 1,500-2,000ಕ್ಕೆ ಇಳಿಸಿ, ಒತ್ತಡವನ್ನೂ ಕಡಿಮೆ ಮಾಡಿ. 1500ರ ನಂತರ ಬಿಂಬ ಕಾಣಬೇಕು, 3000ಕ್ಕೆ ಚೊಕ್ಕವಾಗಬೇಕು. ಕೊನೆಗೆ ಬಫ್: ಕಪ್ಪು ಕಲ್ಲಿಗೆ ಕಪ್ಪು ಬಫ್, ತಿಳಿ ಬಣ್ಣದ್ದಕ್ಕೆ ಬಿಳಿ. ತಿಳಿ ಕಲ್ಲಿಗೆ ಕಪ್ಪು ಬಫ್ ಹಾಕಿದರೆ ಹರಳಿನ ಸಂದಿಗೆ ಮಸಿ ಇಳಿಯುತ್ತದೆ. ಬಫ್ ಮಾಡುವಾಗ ನೀರು ತೀರಾ ಕಡಿಮೆ ಸಾಕು, ಆದರೆ ಪೂರ್ತಿ ಒಣಗಬಾರದು. ಕಲ್ಲು ಮುಟ್ಟಿದರೆ ಬೆಚ್ಚಗಿರಬೇಕು, ಸುಡಬಾರದು.

ದಪ್ಪ ಹರಳಿನ ಕಲ್ಲಿನಲ್ಲಿ ಅಲ್ಲಲ್ಲಿ ಸೂಜಿಮೊನೆಯಂಥ ಗುಂಡಿ ಉಳಿಯುವುದು ಸಹಜ. ಅದನ್ನು ಹೋಗಲಾಡಿಸುತ್ತೇನೆಂದು ತಿಕ್ಕುತ್ತಾ ಕೂತರೆ ಹೊಸ ಗುಂಡಿ ತೆರೆದುಕೊಳ್ಳುತ್ತದೆ, ಅಷ್ಟೇ.

ಚಕ್ಕೆ ಎದ್ದರೆ

ಅದೇ ಕಲ್ಲಿನ ಪುಡಿಯನ್ನು ಬಣ್ಣವಿಲ್ಲದ ಎಪಾಕ್ಸಿಗೆ (ಎರಡು ಭಾಗ ಬೆರೆಸಿ ಬಳಸುವ ಗಟ್ಟಿ ಅಂಟು) ಕಲಸಿ, ಗುಂಡಿಗಿಂತ ಸ್ವಲ್ಪ ಉಬ್ಬುವಂತೆ ತುಂಬಿ. ಗುಂಡಿ ಒಣಗಿರಬೇಕು, ಅಸಿಟೋನಿನಿಂದ ಒರೆಸಿರಬೇಕು. 24 ಗಂಟೆ ಬಿಟ್ಟು, ಉಬ್ಬಿದ್ದನ್ನು ಬ್ಲೇಡಿನಿಂದ ಹೆರೆದು 400ರಿಂದ ಮುಂದಕ್ಕೆ ಪಾಲಿಶ್ ಮಾಡಿ. ಬಿಳಿ ಸಿಮೆಂಟಿಗೆ ಬಣ್ಣ ಬೆರೆಸಿ ತುಂಬಿದ್ದು ಹೊಳಪು ಹಿಡಿಯುವುದಿಲ್ಲ, ಮಂಕು ಮಚ್ಚೆಯಾಗಿ ಉಳಿಯುತ್ತದೆ.

ದಪ್ಪ ಕಾಣಿಸುವ ಜೋಡಿ ಅಂಚು

18 ಮಿ.ಮೀ. ಕಲ್ಲಿನ ಕೆಳಗೆ ಇನ್ನೊಂದು ಪಟ್ಟಿ ಅಂಟಿಸಿ 36 ಮಿ.ಮೀ. ಕಾಣುವಂತೆ ಮಾಡುವುದು ಅಡುಗೆಕಟ್ಟೆಗೂ ಮೆಟ್ಟಿಲಿಗೂ ಬಳಕೆಯಲ್ಲಿದೆ. ಪಟ್ಟಿಯನ್ನು 40-50 ಮಿ.ಮೀ. ಅಗಲಕ್ಕೆ, ಅದೇ ಸ್ಲ್ಯಾಬಿನಲ್ಲಿ ಆ ಅಂಚಿನ ಪಕ್ಕದಿಂದಲೇ ತೆಗೆಸಿ. ಬೇರೆ ಸ್ಲ್ಯಾಬಿನದಾದರೆ ಬಣ್ಣ ಸೇರದು. ಪಾಲಿಶ್ ಇರುವ ಮುಖ ಕೆಳಕ್ಕೆ ಬರಲಿ, ಎರಡರ ಒರಟು ಮುಖಗಳು ಒಂದಕ್ಕೊಂದು ಅಂಟಲಿ. ಸ್ಲ್ಯಾಬಿನ ಹಿಂದೆ ಫೈಬರ್ ಜಾಲರಿ ಅಂಟಿಸಿದ್ದರೆ ಆ 50 ಮಿ.ಮೀ. ಜಾಗದಲ್ಲಿ ಅದನ್ನು ಉಜ್ಜಿ ತೆಗೆಯಲೇಬೇಕು, ಇಲ್ಲವಾದರೆ ಅಂಟು ಕಲ್ಲಿಗೆ ಹಿಡಿಯದೆ ಜಾಲರಿಗೆ ಹಿಡಿಯುತ್ತದೆ.

ತೊಳೆದು ಪೂರ್ತಿ ಒಣಗಿಸಿದ ಮೇಲೆ ಅಂಟು. ಒಳಗಿನ ಒಣ ಜಾಗಕ್ಕೆ ಪಾಲಿಯೆಸ್ಟರ್ ಮಾಸ್ಟಿಕ್ ಸಾಕು, ಹಾರ್ಡನರ್ ತೂಕದಲ್ಲಿ 100ಕ್ಕೆ 2ರಿಂದ 3. ಬೇಗ ಗಟ್ಟಿಯಾಗಲೆಂದು ಹೆಚ್ಚು ಹಾಕಿದರೆ ಅಂಟು ಹಳದಿಯಾಗಿ ಪೆಡಸಾಗುತ್ತದೆ. ಬಿಸಿಲ ಹೊತ್ತಿನಲ್ಲಿ ಕೆಲವೇ ನಿಮಿಷಕ್ಕೆ ಕಲ್ಲಾಗುವುದರಿಂದ ಬೇಕಾದಷ್ಟನ್ನೇ ಕಲಸಿ. ಸಿಂಕಿನ ಹತ್ತಿರ, ಮನೆಯ ಹೊರಗೆ, ಬಿಸಿಲು ಮಳೆ ಬೀಳುವಲ್ಲಿ ಎಪಾಕ್ಸಿಯೇ ಬೇಕು. ಅಂಗೈಯಗಲಕ್ಕೊಂದು ಕ್ಲಾಂಪು ಹಾಕಿ, ಜೋಡಣೆಯುದ್ದಕ್ಕೂ ಅಂಟು ತೆಳುವಾಗಿ ಹೊರಬರುವಷ್ಟು ಬಿಗಿಯಿರಿ; ಹೊರಬರದ ಕಡೆ ಒಳಗೆ ಪೊಳ್ಳಿದೆ ಎಂದರ್ಥ. ಪಾಲಿಶ್ ಮಾಡುವುದು ಅಂಟಿಸಿದ ಮೇಲೆ, ಎರಡನ್ನೂ ಒಂದೇ ಅಂಚೆಂದು 50ರಿಂದ. ಬೇರೆ ಬೇರೆ ಪಾಲಿಶ್ ಮಾಡಿ ಅಂಟಿಸಿದರೆ ಕೂದಲೆಳೆಯಷ್ಟು ಏರುತಗ್ಗಾದರೂ ಉಗುರಿಗೆ ತಾಗುತ್ತದೆ.

45 ಡಿಗ್ರಿಗೆ ಕತ್ತರಿಸಿ ಮೂಲೆ ಸೇರಿಸುವುದಾದರೆ ಮೊನೆಯನ್ನು ಚಾಕುವಿನಂತೆ ಚೂಪಾಗಿ ಬಿಡಬೇಡಿ. ಮುಂದೆ 1 ಮಿ.ಮೀ. ಮೊಂಡಾಗಿ ಇರಲಿ. ಕೋನವನ್ನು ಒಳಕ್ಕೆ ಒಂದು ಡಿಗ್ರಿ ಹೆಚ್ಚು ತೆಗೆದರೆ ಅಂಟಿಗೆ ಜಾಗ ಸಿಗುತ್ತದೆ, ಹೊರಗೆ ಸಂದಿ ಕಾಣುವುದಿಲ್ಲ.

ಮೆಟ್ಟಿಲಿಗೂ ಹೊರಾಂಗಣಕ್ಕೂ ಇನ್ನಷ್ಟು

ಮೆಟ್ಟಿಲ ಕಲ್ಲು ಕೆಳಗಿನ ನಿಂತ ಕಲ್ಲಿಗಿಂತ 20-25 ಮಿ.ಮೀ. ಮುಂದೆ ಚಾಚಿದರೆ ಸಾಕು. ಜಾರದಂತೆ ಗೀರುಪಟ್ಟಿ ಕೊರೆಸುವುದಾದರೆ ಮೊದಲನೆಯದು ಅಂಚಿನಿಂದ 40 ಮಿ.ಮೀ. ಒಳಗೆ, 15 ಮಿ.ಮೀ. ಅಂತರದಲ್ಲಿ ಮೂರು, 3-4 ಮಿ.ಮೀ. ಅಗಲ, 2 ಮಿ.ಮೀ. ಆಳ. ತೀರಾ ಅಂಚಿಗೆ ಕೊರೆದರೆ ಮುಂದಿನ ಸಣ್ಣ ಪಟ್ಟಿಯೇ ಕಿತ್ತುಬರುತ್ತದೆ. ಕೂರಿಸುವಾಗ ಗಾರೆ ನಿಂತ ಕಲ್ಲಿನ ತಲೆಯವರೆಗೆ ತುಂಬಿರಬೇಕು. ಮಾರನೆಯ ದಿನ ನಾಣ್ಯದಿಂದ ತಟ್ಟಿ ನೋಡಿ. ಮುಂಭಾಗ ಡೊಳ್ಳು ಸದ್ದು ಕೊಟ್ಟರೆ ಎತ್ತಿಸಿ ಮತ್ತೆ ಕೂರಿಸಿ. ಯಾರಾದರೂ ಸಿಲಿಂಡರ್ ಉರುಳಿಸಿದ ದಿನ ಅಂಚು ಮುರಿಯುವುದು ಅಲ್ಲೇ.

ಕಿಟಕಿಯ ಹೊರಗಿನ ಕಲ್ಲಿಗೂ ಬಾಲ್ಕನಿಯ ತುದಿಗೂ ಅಡಿಯಲ್ಲಿ ನೀರು ಅಲ್ಲೇ ತೊಟ್ಟಿಕ್ಕುವಂತೆ ಒಂದು ಸಣ್ಣ ತೋಡು ಕೊರೆಸಿ: ಅಂಚಿನಿಂದ 15-20 ಮಿ.ಮೀ. ಒಳಗೆ, 8 ಮಿ.ಮೀ. ಅಗಲ, 5 ಮಿ.ಮೀ. ಆಳ. ಇದಿಲ್ಲದಿದ್ದರೆ ಮಲೆನಾಡು, ಕರಾವಳಿಯ ಮಳೆಗೆ ಒಂದೇ ವರ್ಷದಲ್ಲಿ ಕಿಟಕಿಯ ಕೆಳಗಿನ ಗೋಡೆಯಲ್ಲಿ ಕಪ್ಪು ಗೆರೆ ಇಳಿಯುತ್ತದೆ.

ಕಡಪ, ಕೋಟಾ, ಶಹಾಬಾದ್, ಅಮೃತಶಿಲೆ

ಮೇಲಿನ ಕ್ರಮ ಗ್ರಾನೈಟಿನದು. ಕಡಪ, ಕೋಟಾ, ಶಹಾಬಾದ್ ಸುಣ್ಣಕಲ್ಲಿನ ಜಾತಿ, ಗ್ರಾನೈಟಿಗಿಂತ ಬಹಳ ಮೆದು. 50 ನಂಬರಿನಲ್ಲಿ ಜೋರಾಗಿ ಒತ್ತಿದರೆ ನೋಡನೋಡುತ್ತಲೇ ಅಂಚು ಕರಗುತ್ತದೆ. ಬ್ಲೇಡಿನ ಗೆರೆ ಹಗುರವಿದ್ದರೆ 100ರಿಂದಲೇ ಶುರು ಮಾಡಿ. ಪದರು ಪದರಾಗಿರುವ ಕಲ್ಲಾದ್ದರಿಂದ ಪ್ಯಾಡನ್ನು ಅಂಚಿನ ಉದ್ದಕ್ಕೆ ಓಡಿಸಿ. ಮೇಲಿಂದ ಕೆಳಕ್ಕೆ ಎಳೆದರೆ ಪದರು ಬಿಡುತ್ತದೆ. ಪದರು ಬಾಯಿ ಬಿಟ್ಟಿರುವ ತುಂಡನ್ನು ಮೆಟ್ಟಿಲಿಗೆ ಬಳಸಬೇಡಿ, ಗೋಡೆ ಪಕ್ಕಕ್ಕೆ ಹಾಕಿ. 400ಕ್ಕೆ ನಿಲ್ಲಿಸಿದರೆ ಶಹಾಬಾದಿನ ನೀಲಿಬೂದು ಬಣ್ಣ ಸಹಜವಾಗಿ ಕಾಣುತ್ತದೆ. ಕಡಪಕ್ಕೆ ಕಪ್ಪು ಬರಲಿ ಎಂದು ಎಣ್ಣೆ ಹಚ್ಚುವ ರೂಢಿಯಿದೆ. ಎಣ್ಣೆ ಧೂಳನ್ನು ಹಿಡಿದು ಅಂಟಂಟಾಗುತ್ತದೆ. ಬಣ್ಣ ಗಾಢ ಮಾಡುವ ಸೀಲರ್ (ಕಲೆ ಇಳಿಯದಂತೆ ಕಲ್ಲಿಗೆ ಹಚ್ಚುವ ದ್ರವ) ಇದಕ್ಕಿಂತ ಎಷ್ಟೋ ಮೇಲು.

ಅಮೃತಶಿಲೆಗೆ 100 ಅಥವಾ 200ರಿಂದ ಶುರು ಮಾಡಿ 1500ರವರೆಗೆ ಹೋಗಿ, ಕೊನೆಯಲ್ಲಿ ಆಕ್ಸಾಲಿಕ್ ಆಸಿಡ್ ಇರುವ ಪಾಲಿಶ್ ಪುಡಿಯನ್ನು ಬಿಳಿ ಫೆಲ್ಟ್ ಪ್ಯಾಡಿನಲ್ಲಿ ಸ್ವಲ್ಪ ನೀರಿನೊಡನೆ ಉಜ್ಜಿ ಚೆನ್ನಾಗಿ ತೊಳೆಯಬೇಕು. ಆ ಪುಡಿ ವಿಷ, ಕೈಗವಸು ಹಾಕಿಕೊಳ್ಳಿ, ಮಕ್ಕಳ ಕೈಗೆ ಸಿಗದಂತೆ ಇಡಿ. ಅದು ಕೆಲಸ ಮಾಡುವುದು ಸುಣ್ಣದಂಶದ ಕಲ್ಲಿನ ಮೇಲೆ. ಗ್ರಾನೈಟಿಗೆ ಹಾಕಿ ಪ್ರಯೋಜನವಿಲ್ಲ.

ಕೆಲಸ ಮುಗಿದ ಮೇಲೆ ಸಿಮೆಂಟ್ ಕಲೆ ತೆಗೆಯಲು ಬಾತ್‌ರೂಮ್ ಆಸಿಡ್ ಸುರಿಯುವ ಅಭ್ಯಾಸ ಈ ನಾಲ್ಕೂ ಕಲ್ಲಿನ ಅಂಚನ್ನು ನಿಮಿಷದಲ್ಲಿ ಹಾಳುಮಾಡುತ್ತದೆ. ಅಡುಗೆಮನೆಯಲ್ಲಿ ಹುಣಸೆರಸ, ನಿಂಬೆರಸ ಕೂಡ ನಿಧಾನವಾಗಿ ಅದೇ ಕೆಲಸ ಮಾಡುತ್ತವೆ.

ಸೀಲರ್

ಅಂಚು ಪೂರ್ತಿ ಒಣಗಲು ಎರಡು ದಿನ ಬಿಡಿ. ಕಲ್ಲಿನೊಳಗೆ ಇಳಿಯುವ ಜಾತಿಯ ಸೀಲರನ್ನು ಬಟ್ಟೆಯಿಂದ ಹಚ್ಚಿ, ಡಬ್ಬಿಯ ಮೇಲೆ ಹೇಳಿದಷ್ಟು ನಿಮಿಷ ಬಿಟ್ಟು, ಉಳಿದದ್ದನ್ನು ಒಣ ಬಟ್ಟೆಯಿಂದ ಒರೆಸಿ. ಒರೆಸದೆ ಬಿಟ್ಟರೆ ಪಾಲಿಶ್ ಮೇಲೆ ಜಿಡ್ಡಿನ ಮಬ್ಬು ಕೂರುತ್ತದೆ. ತಿಳಿ ಬಣ್ಣದ ಗ್ರಾನೈಟಿಗೆ ಇದನ್ನು ಕೂರಿಸುವ ಮೊದಲೇ ಹಚ್ಚುವುದು ಒಳ್ಳೆಯದು, ಏಕೆಂದರೆ ಗ್ರೌಟು, ಸಿಮೆಂಟು ಹಾಲು ಮೊದಲು ಇಳಿಯುವುದು ಅಂಚಿನೊಳಕ್ಕೇ. ಆದರೆ ಗಾರೆ ತಾಗುವ ಹಿಂಭಾಗಕ್ಕೆ ಸೀಲರ್ ಸೋಕಬಾರದು, ಗಾರೆ ಹಿಡಿಯುವುದಿಲ್ಲ. ಹೀಗೆ ಸಿದ್ಧವಾದ ತುಂಡುಗಳನ್ನು ಸಾಗಿಸುವಾಗ ಮಲಗಿಸಿ ಪೇರಿಸಬೇಡಿ. ಪಾಲಿಶ್ ಆದ ಅಂಚು ಮೇಲೆ ಬರುವಂತೆ ನಿಲ್ಲಿಸಿ, ನಡುವೆ ಥರ್ಮಾಕೋಲೋ ಗೋಣಿಯೋ ಕೊಟ್ಟು ಕಟ್ಟಿ.